ಸಿಡಿಯುವ ಮೊದಲೇ ಹಿಡಿಯಬೇಕಾದ ಪ್ರೋಟೀನ್

1966ರ ಹೊತ್ತಿಗೆ ಅಮೆರಿಕದಲ್ಲಿ ಎಳೆಮಕ್ಕಳಿಗೆ ಹೊಸ ಲಸಿಕೆಯೊಂದರ ಪ್ರಯೋಗ ನಡೆಯುತ್ತಿತ್ತು. ಆರ್‌ಎಸ್‌ವಿ ಅನ್ನುವ ವೈರಸ್ ವಿರುದ್ಧದ ಲಸಿಕೆ ಅದು. ಈ ವೈರಸ್ ಶ್ವಾಸಕೋಶಕ್ಕಿಳಿದರೆ ಪುಟ್ಟ ಮಕ್ಕಳಿಗೆ ಉಸಿರಾಡುವುದೇ ಕಷ್ಟ. ವೈರಸ್ಸನ್ನು ಫಾರ್ಮಾಲಿನ್ ಎಂಬ ರಾಸಾಯನಿಕದಲ್ಲಿ ಕೊಂದು ಲಸಿಕೆ ಮಾಡಿದ್ದರು. ಪೋಲಿಯೋ ವಿಷಯದಲ್ಲಿ ಇದೇ ದಾರಿ ಗೆದ್ದಿತ್ತು. ಇಲ್ಲಿ ತಿರುಗುಬಾಣವಾಯಿತು. ಲಸಿಕೆ ಹಾಕಿಸಿಕೊಂಡ ಮಕ್ಕಳಿಗೆ ಸೋಂಕು ತಗುಲಿದಾಗ ಕಾಯಿಲೆ ಇನ್ನೂ ಜೋರಾಗಿ ಬಂತು. ಒಂದು ಗುಂಪಿನಲ್ಲಿ ಸೋಂಕಾದವರ ಪೈಕಿ 80% ಮಕ್ಕಳು ಆಸ್ಪತ್ರೆ ಸೇರಿದರು. ಇಬ್ಬರು ತೀರಿಕೊಂಡರು.

ಹೀಗೇಕಾಯಿತು? ಉತ್ತರದ ದೊಡ್ಡ ಪಾಲು ಒಂದು ಪ್ರೋಟೀನಿನ ಆಕಾರದಲ್ಲಿತ್ತು. ಅದು ಕಣ್ಣಿಗೆ ಬೀಳಲು ಸುಮಾರು 47 ವರ್ಷ ಬೇಕಾಯಿತು.

ಫ್ಲೂ, ಎಚ್‌ಐವಿ, ಕೊರೊನಾ, ಆರ್‌ಎಸ್‌ವಿ ಎಲ್ಲವೂ ಕೊಬ್ಬಿನ ಪೊರೆ ಹೊದ್ದ ವೈರಸ್‌ಗಳು. ನಮ್ಮ ಜೀವಕೋಶದ ಸುತ್ತಲೂ ಅಂಥದ್ದೇ ಪೊರೆ ಇದೆ. ವೈರಸ್ ಒಳಗೆ ಹೋಗಬೇಕಾದರೆ ಎರಡು ಪೊರೆ ಬೆರೆತು ಒಂದಾಗಬೇಕು. ಸಾರಿನ ಮೇಲೆ ತೇಲುವ ಎಣ್ಣೆ ಹನಿಗಳು ತಾವಾಗಿಯೇ ಕೂಡಿಕೊಳ್ಳುತ್ತವೆ, ಅಲ್ವಾ? ಪೊರೆಗಳು ಹಾಗಲ್ಲ. ಅವುಗಳ ಮೈಗೆ ನೀರು ಅಂಟಿಕೊಂಡಿರುತ್ತದೆ. ಆ ನೀರನ್ನು ಸರಿಸಿ ಎರಡನ್ನೂ ಒತ್ತಿ ಹಿಡಿಯಲು ಬಲ ಬೇಕು. ವೈರಸ್ಸಿನ ಮೈಮೇಲೆ ಚಾಚಿಕೊಂಡಿರುವ ಪ್ರೋಟೀನ್ ಮಾಡುವುದು ಈ ಕೆಲಸವನ್ನೇ.

ಇಂಥ ಪ್ರೋಟೀನಿನ ರೂಪ ಮೊದಲು ಕಂಡಿದ್ದು 1981ರಲ್ಲಿ. ಇಯಾನ್ ವಿಲ್ಸನ್, ಜಾನ್ ಸ್ಕೆಹೆಲ್, ಡಾನ್ ವೈಲಿ ಫ್ಲೂ ವೈರಸ್ಸಿನ ಹಿಮಗ್ಲುಟಿನಿನ್ ಮೇಲೆ ಕೆಲಸ ಮಾಡುತ್ತಿದ್ದರು. ಅದನ್ನು ವೈರಸ್ಸಿನಿಂದ ಕತ್ತರಿಸಿ ತೆಗೆಯಲು ಬಳಸಿದ್ದು ಬ್ರೊಮೆಲೇನ್, ಅಂದರೆ ಅನಾನಸ್ ಗಿಡದ ಕಿಣ್ವ! ಹರಳುಗಟ್ಟಿಸಿ ಎಕ್ಸ್‌-ರೇ ಹಾಯಿಸಿದಾಗ ಮೂರು ಎಳೆ ಹೆಣೆದುಕೊಂಡ ಕಂಬ ಕಂಡಿತು. ಕೆಳಗೆ ಕಾಂಡ, ಮೇಲೆ ತಲೆ. ಉದ್ದ ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಆದರೆ ಒಂದು ತೊಡಕಿತ್ತು. ಜೀವಕೋಶದ ಪೊರೆಗೆ ಚುಚ್ಚಿಕೊಳ್ಳಬೇಕಾದ ತುದಿ ಕಾಂಡದ ಒಳಗೆ ಅಡಗಿ ಕೂತಿತ್ತು. ಅಷ್ಟು ದೂರದ ಪೊರೆಯನ್ನು ಅದು ಮುಟ್ಟುವುದು ಹೇಗೆ?

ಕರ್ಣಕುಂಡಲದ ಬಲಿತ ಕಾಯಿಯನ್ನು ಮುಟ್ಟಿ ನೋಡಿದವರಿಗೆ ಉತ್ತರ ಬೇಗ ಅರ್ಥವಾಗುತ್ತದೆ. ಬೆರಳು ತಾಗಿದ್ದೇ ತಡ, ಸಿಪ್ಪೆ ಸುರುಳಿ ಸುತ್ತಿಕೊಂಡು ಬೀಜ ಹಾರುತ್ತದೆ. ಆ ಬಲವನ್ನು ಕಾಯಿ ಬೆಳೆಯುವಾಗಲೇ ಒಳಗೆ ಕಟ್ಟಿಟ್ಟುಕೊಂಡಿರುತ್ತದೆ. ಹಿಮಗ್ಲುಟಿನಿನ್ ಕೂಡ ಹಾಗೆಯೇ ಇರಬಹುದೆಂದು 1993ರಲ್ಲಿ ಚಾವೆಲಾ ಕಾರ್ ಮತ್ತು ಪೀಟರ್ ಕಿಮ್ ಹೇಳಿದರು. ಅದರಲ್ಲಿ ಸಡಿಲವಾಗಿ ಬಾಗಿದ ಒಂದು ಭಾಗ ಇದೆ. ಅದರ ಅಮೈನೋ ಆಮ್ಲಗಳ, ಅಂದರೆ ಪ್ರೋಟೀನನ್ನು ಪೋಣಿಸಿದ ಮಣಿಗಳ, ಸಾಲು ನೋಡಿದರೆ ಅದು ನೆಟ್ಟಗೆ ಸುರುಳಿಯಾಗಲು ಕಾಯುತ್ತಿರುವಂತಿತ್ತು. ಮರುವರ್ಷ ವೈಲಿ, ಸ್ಕೆಹೆಲ್ ತಂಡ ಸಿಡಿದ ಮೇಲಿನ ರೂಪವನ್ನೂ ತೋರಿಸಿತು. ಊಹೆ ನಿಜವಾಗಿತ್ತು.

ನಡೆಯುವುದು ಇಷ್ಟು. ಜೀವಕೋಶ ವೈರಸ್ಸನ್ನು ಒಂದು ಚೀಲದಲ್ಲಿ ನುಂಗುತ್ತದೆ. ಚೀಲದ ಒಳಗು ಹುಳಿಯಾಗುತ್ತದೆ. ಹುಳಿ ತಾಗಿದೊಡನೆ ಪ್ರೋಟೀನಿನ ತಲೆ ಸರಿದು, ಬಾಗಿದ್ದ ಭಾಗ ನೆಟ್ಟಗಾಗಿ, ಅಡಗಿದ್ದ ತುದಿ ಈಟಿಯ ಹಾಗೆ ಹೋಗಿ ಪೊರೆಗೆ ನಾಟುತ್ತದೆ. ಆಮೇಲೆ ಇಡೀ ಪ್ರೋಟೀನ್ ನಡುವೆ ಮಡಚಿಕೊಂಡು ಎರಡೂ ಪೊರೆಗಳನ್ನು ಹತ್ತಿರಕ್ಕೆ ಎಳೆಯುತ್ತದೆ. ಒಮ್ಮೆ ಸಿಡಿದರೆ ಮುಗಿಯಿತು. ಹಳೆಯ ರೂಪಕ್ಕೆ ಮರಳುವುದಿಲ್ಲ. 1997ರಲ್ಲಿ ಎಚ್‌ಐವಿಯಲ್ಲೂ ಇದೇ ಬಗೆಯ ಮಡಿಕೆ ಕಂಡಿತು. ಆ ಮಡಿಕೆಯನ್ನು ತಡೆಯುವ ಎನ್ಫುವಿರ್ಟೈಡ್ ಔಷಧಿಗೆ 2003ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಈಗ ಆ ಮಕ್ಕಳ ವಿಷಯಕ್ಕೆ ಬರೋಣ. 2013ರಲ್ಲಿ ಜೇಸನ್ ಮೆಕ್ಲೆಲನ್, ಬಾರ್ನಿ ಗ್ರಹಾಂ, ಪೀಟರ್ ಕ್ವಾಂಗ್ ತಂಡ ಆರ್‌ಎಸ್‌ವಿಯಲ್ಲಿ ಪೊರೆ ಬೆರೆಸುವ ಕೆಲಸ ಮಾಡುವ ಎಫ್ ಪ್ರೋಟೀನನ್ನು ಸಿಡಿಯುವ ಮೊದಲಿನ ರೂಪದಲ್ಲಿ ಹಿಡಿಯಿತು. ಒಂದು ಪ್ರತಿಕಾಯ (ವೈರಸ್ಸಿಗೆ ಅಂಟಿಕೊಂಡು ತಡೆಯಲು ಮೈ ತಯಾರಿಸುವ ಪ್ರೋಟೀನ್) ಅದನ್ನು ಅಲುಗಾಡದಂತೆ ಹಿಡಿದುಕೊಂಡಿತ್ತು. ವೈರಸ್ಸನ್ನು ಚೆನ್ನಾಗಿ ತಡೆಯುವ ಪ್ರತಿಕಾಯಗಳು ಗುರುತಿಸುವುದು ಹೆಚ್ಚಾಗಿ ಈ ಮೊದಲ ರೂಪವನ್ನೇ ಎಂದು ಗೊತ್ತಾಯಿತು. ಹಳೆಯ ಲಸಿಕೆಯಲ್ಲಿ ಎಫ್ ಪ್ರೋಟೀನ್ ಮೊದಲೇ ಸಿಡಿದುಹೋಗಿತ್ತು. ಮಕ್ಕಳ ಮೈ ಕಲಿತದ್ದು ಸಿಡಿದ ಸಿಪ್ಪೆಯ ಗುರುತನ್ನು. ಆ ದುರಂತಕ್ಕೆ ಇದೊಂದೇ ಕಾರಣವಲ್ಲ, ಆದರೆ ದೊಡ್ಡ ಕಾರಣ. ಮುಂದೆ ಪ್ರೋಟೀನಿಗೆ ಗಂಧಕದ ಒಂದು ಹೊಲಿಗೆ ಹಾಕಿ, ಒಳಗಿನ ಟೊಳ್ಳು ತುಂಬಿ, ಸಿಡಿಯದಂತೆ ಮಾಡಿದರು. 2023ರ ಮೇ ತಿಂಗಳಲ್ಲಿ ಅಮೆರಿಕ ವಯಸ್ಸಾದವರಿಗೆ ಆರ್‌ಎಸ್‌ವಿ ಲಸಿಕೆಗಳನ್ನು ಒಪ್ಪಿತು.

ಕೋವಿಡ್ ಬಂದಾಗ ಈ ಪಾಠ ಸಿದ್ಧವಾಗಿತ್ತು. ಕೊರೊನಾ ಜಾತಿಯದ್ದೇ ಆದ ಮರ್ಸ್ ವೈರಸ್ಸಿನ ಮೈಮೇಲಿನ ಸ್ಪೈಕ್ ಪ್ರೋಟೀನಿನಲ್ಲಿ ಎರಡು ಕಡೆ ಪ್ರೋಲಿನ್ ಸೇರಿಸಿದರೆ ಅದು ಸಿಡಿಯುವುದಿಲ್ಲ ಎಂದು 2017ರಲ್ಲೇ ಪ್ರಕಟವಾಗಿತ್ತು. ಪ್ರೋಲಿನ್ ಬಾಗದ ಅಮೈನೋ ಆಮ್ಲ, ಸುರುಳಿ ನೆಟ್ಟಗಾಗಲು ಬಿಡುವುದಿಲ್ಲ. 2020ರ ಜನವರಿಯಲ್ಲಿ ಹೊಸ ವೈರಸ್ಸಿನ ಜೀನೋಮ್ ಹೊರಬಂತು. ಅದರ ಸ್ಪೈಕ್‌ನ 986 ಮತ್ತು 987ನೇ ಜಾಗದಲ್ಲಿ ಅದೇ ಬದಲಾವಣೆ ಮಾಡಿದರು. ಮಾಡೆರ್ನಾ, ಫೈಜರ್ ಲಸಿಕೆಗಳು ಮೈಗೆ ಕಲಿಸುವುದು ಇದೇ ಸ್ಪೈಕ್‌ನ ಗುರುತನ್ನು. ನಮ್ಮಲ್ಲಿ ಬಹಳ ಜನ ಹಾಕಿಸಿಕೊಂಡ ಕೋವಿಶೀಲ್ಡ್‌ನಲ್ಲಿ ಈ ಬದಲಾವಣೆ ಇಲ್ಲ. ಹಾಗಂತ ಅದು ಸುಮ್ನೆ ದಂಡವಾಗಲಿಲ್ಲ. ಅದೂ ಜೀವ ಉಳಿಸಿತು.

ಇದಕ್ಕೆಲ್ಲ ಮೊದಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವನ್ ವರದರಾಜನ್ ಅವರ ತಂಡ ಇಂಥದ್ದೇ ಕೆಲಸವನ್ನು ಫ್ಲೂ ಮೇಲೆ ಮಾಡಿತ್ತು. ನನಗೆ ಇಡೀ ಕಥೆಯಲ್ಲಿ ಜಾಸ್ತಿ ಇಷ್ಟವಾಗುವ ಭಾಗ ಇದು. ಫ್ಲೂ ಪ್ರೋಟೀನಿನ ತಲೆ ಬೇಗ ಬೇಗ ಬದಲಾಗುತ್ತದೆ, ಅದಕ್ಕೇ ಲಸಿಕೆಯನ್ನು ಆಗಾಗ ಬದಲಿಸಬೇಕು. ಕಾಂಡ ಅಷ್ಟಾಗಿ ಬದಲಾಗುವುದಿಲ್ಲ. ಆದರೆ ಕಾಂಡವನ್ನಷ್ಟೇ ಬೇರೆ ಮಾಡಿದರೆ ಹುಳಿ ತಾಗದೆಯೂ ಸಿಡಿದ ರೂಪಕ್ಕೆ ಜಾರುತ್ತದೆ. ಹಾಗೆ ಜಾರದಂತೆ ಅವರು ಅದರ ಅಮೈನೋ ಆಮ್ಲಗಳನ್ನು ಬದಲಿಸಿದರು, ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಬೆಳೆಸಿದರು. 2010ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಇಲಿಗಳಿಗೆ ಈ ಕಾಂಡವನ್ನಷ್ಟೇ ಚುಚ್ಚಿ, ಆಮೇಲೆ ಫ್ಲೂ ವೈರಸ್ ಕೊಟ್ಟರು. ಕಾಂಡ ಅವುಗಳನ್ನು ಕಾಪಾಡಿತ್ತು.