ಮೋಲಾರಿಟಿ ಲೆಕ್ಕಕ್ಕೆ ಮೊದಲು ಬಾಟಲಿಯ ಲೇಬಲ್ ಓದಿ

ಪಿಯುಸಿ ಪ್ರಾಕ್ಟಿಕಲ್‌ನಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್ ಟೈಟ್ರೇಶನ್‌ಗೆ (ಪ್ರಮಾಣ ಗೊತ್ತಿರುವ ದ್ರಾವಣದ ಜೊತೆ ಅಳೆದು ಇನ್ನೊಂದರ ಪ್ರಮಾಣ ಕಂಡುಹಿಡಿಯುವುದಕ್ಕೆ) ಮೊದಲು ಆಕ್ಸಾಲಿಕ್ ಆ್ಯಸಿಡ್ ದ್ರಾವಣ ಬೇಕು. 0.1 ಮೋಲಾರ್ (ಅಂದರೆ ಒಂದು ಲೀಟರ್ ದ್ರಾವಣದಲ್ಲಿ 0.1 ಮೋಲ್), 250 ಮಿ.ಲೀ. ಎಂದುಕೊಳ್ಳಿ. ಎಷ್ಟು ಗ್ರಾಂ ತೂಗಬೇಕು? ಸೂತ್ರ ಎಲ್ಲರ ಬಾಯಲ್ಲೂ ಇದೆ: ಮೋಲಾರಿಟಿ, ಲೀಟರ್‌ನಲ್ಲಿ ಗಾತ್ರ, ಮೋಲಾರ್ ರಾಶಿ (ಒಂದು ಮೋಲ್ ವಸ್ತು ಎಷ್ಟು ಗ್ರಾಂ ಎಂಬುದು), ಮೂರನ್ನೂ ಗುಣಿಸಿದರೆ ಆಯಿತು. 0.1ನ್ನು 0.25ರಿಂದ ಗುಣಿಸಿದರೆ 0.025 ಮೋಲ್. ಆಕ್ಸಾಲಿಕ್ ಆ್ಯಸಿಡ್‌ನ ಮೋಲಾರ್ ರಾಶಿ 90. ಉತ್ತರ 2.25 ಗ್ರಾಂ.

ಗುಣಾಕಾರ ಸರಿ, ಉತ್ತರ ತಪ್ಪು. ಲ್ಯಾಬ್‌ನಲ್ಲಿ ಸಿಗುವ ಆಕ್ಸಾಲಿಕ್ ಆ್ಯಸಿಡ್ ಹರಳಿನಲ್ಲಿ ಒಂದೊಂದು ಅಣುವಿನ ಜೊತೆ ಎರಡು ನೀರಿನ ಅಣುಗಳೂ ಸೇರಿಕೊಂಡಿರುತ್ತವೆ. ತಕ್ಕಡಿ ಆ ನೀರನ್ನೂ ತೂಗುತ್ತದೆ. ಆದ್ದರಿಂದ ಹಾಕಬೇಕಾದ ಸಂಖ್ಯೆ 126, ತೂಗಬೇಕಾದದ್ದು 3.15 ಗ್ರಾಂ. 2.25 ಗ್ರಾಂ ಹಾಕಿದರೆ ದ್ರಾವಣ 0.071 ಮೋಲಾರ್ ಮಾತ್ರ ಆಗುತ್ತದೆ. ಅದನ್ನೇ 0.1 ಎಂದು ನಂಬಿ ಟೈಟ್ರೇಶನ್ ಮಾಡಿದರೆ ಪರ್ಮಾಂಗನೇಟ್‌ನ ಮೋಲಾರಿಟಿ ಇದ್ದದ್ದಕ್ಕಿಂತ ಶೇ. 40ರಷ್ಟು ಜಾಸ್ತಿ ಬರುತ್ತದೆ. ಆಮೇಲೆ ಬ್ಯುರೆಟ್ ಸರಿಯಿಲ್ಲ ಅಂತ ಸುಮ್ನೆ ಅದನ್ನು ಬೈಯುತ್ತಾರೆ!

ಹಾಗಾಗಿ ಮೋಲಾರ್ ರಾಶಿಯನ್ನು ನೆನಪಿನಿಂದ ಹಾಕಬೇಡಿ. ಬಾಟಲಿಯ ಮೇಲೆ ‘ಡೈಹೈಡ್ರೇಟ್’ (ಎರಡು ನೀರಿನ ಅಣು ಸೇರಿದ್ದು) ಎಂದಿದೆಯೋ ‘ಅನ್‌ಹೈಡ್ರಸ್’ (ನೀರಿಲ್ಲದ್ದು) ಎಂದಿದೆಯೋ ನೋಡಿ. ಪಕ್ಕದಲ್ಲೇ ಆ ವಸ್ತುವಿನ ಮೋಲಾರ್ ರಾಶಿಯನ್ನೂ ಸಾಮಾನ್ಯವಾಗಿ ಬರೆದಿರುತ್ತಾರೆ. ನೀಲಿ ಮೈಲುತುತ್ತಕ್ಕೆ ಅದು 249.7, ನೀರು ಕಳೆದುಕೊಂಡು ಬೆಳ್ಳಗಾದ ಮೈಲುತುತ್ತಕ್ಕೆ 159.6. (ಅಡಿಕೆ ತೋಟಕ್ಕೆ ಮೈಲುತುತ್ತದಿಂದ ಬೋರ್ಡೋ ದ್ರಾವಣ ಮಾಡುವವರಿಗೆ ಈ ತಲೆಬಿಸಿ ಇಲ್ಲ. ಅಲ್ಲಿ ಲೆಕ್ಕ ನೇರವಾಗಿ ಕೆ.ಜಿ.ಯಲ್ಲಿ.) ಶುದ್ಧತೆ ಶೇ. 98 ಎಂದಿದ್ದರೆ ಬಂದ ಗ್ರಾಂ ಅನ್ನು 0.98ರಿಂದ ಭಾಗಿಸಿ.

ಇನ್ನು ಗಾತ್ರ. ಮೋಲಾರಿಟಿಯಲ್ಲಿ ಲೀಟರ್ ಎಂದರೆ ಒಟ್ಟು ದ್ರಾವಣದ ಲೀಟರ್. ಸುರಿದ ನೀರಿನದಲ್ಲ. 342 ಗ್ರಾಂ ಸಕ್ಕರೆ ಎಂದರೆ ಒಂದು ಮೋಲ್. ಅದನ್ನು ಒಂದು ಲೀಟರ್ ನೀರಿಗೆ ಸುರಿದು ಕರಗಿಸಿದರೆ ಒಟ್ಟು ಸುಮಾರು 1.2 ಲೀಟರ್ ಆಗುತ್ತದೆ. ಸಕ್ಕರೆಗೂ ಜಾಗ ಬೇಕು, ಅಲ್ವಾ? ಮೋಲಾರಿಟಿ 1ರ ಬದಲು 0.83ರ ಹತ್ತಿರ ನಿಲ್ಲುತ್ತದೆ. ಅದಕ್ಕೇ ಮೊದಲು ಬೀಕರ್‌ನಲ್ಲಿ ಸ್ವಲ್ಪ ನೀರಿನಲ್ಲಿ ಕರಗಿಸಿ, ವಾಲ್ಯೂಮೆಟ್ರಿಕ್ ಫ್ಲಾಸ್ಕ್‌ಗೆ ಹಾಕಿ, ಬೀಕರ್ ಮತ್ತು ಫನಲ್ ತೊಳೆದ ನೀರನ್ನೂ ಅದಕ್ಕೇ ಸೇರಿಸಿ. ಬಿಸಿ ಇದ್ದರೆ ಆರಲಿ. ಕೊನೆಗೆ ಗೆರೆಯವರೆಗೆ ನೀರು ತುಂಬಿ, ಮುಚ್ಚಳ ಹಾಕಿ ಚೆನ್ನಾಗಿ ಕಲಸಿ.

ಸರಿಯಾಗಿ 3.150 ಗ್ರಾಂ ಬರಲೇಬೇಕು ಎಂದು ಒಂದೊಂದೇ ಹರಳು ತೆಗೆಯುತ್ತ, ಹಾಕುತ್ತ ಕೂರುವವರಿದ್ದಾರೆ. ನನ್ನ ಪ್ರಕಾರ ಅದು ಸಮಯ ದಂಡ. ಹತ್ತಿರ ಹತ್ತಿರ ತೂಗಿ, ಎಷ್ಟು ಬಂತೋ ಅದನ್ನು ನಿಖರವಾಗಿ ಬರೆದುಕೊಳ್ಳಿ. 3.182 ಗ್ರಾಂ ಬಂತೇ? 126.07ರಿಂದ ಭಾಗಿಸಿ, ಮತ್ತೆ 0.25ರಿಂದ ಭಾಗಿಸಿ. 0.1010 ಮೋಲಾರ್. ಫ್ಲಾಸ್ಕ್ ಮೇಲೆ ಅದನ್ನೇ ಬರೆಯಿರಿ.

ಈ ಉಪಾಯ ಸೋಡಿಯಂ ಹೈಡ್ರಾಕ್ಸೈಡ್‌ಗೆ ನಡೆಯುವುದಿಲ್ಲ. 0.1 ಮೋಲಾರ್, 250 ಮಿ.ಲೀ.ಗೆ ಲೆಕ್ಕದ ಪ್ರಕಾರ 1 ಗ್ರಾಂ ಸಾಕು. ಆದರೆ ಅದು ಗಾಳಿಯಲ್ಲಿನ ತೇವವನ್ನೂ ಕಾರ್ಬನ್ ಡೈಆಕ್ಸೈಡನ್ನೂ ಹೀರುತ್ತದೆ. ತೂಗುತ್ತಿರುವಾಗಲೇ ತೂಕ ಏರುತ್ತಿರುತ್ತದೆ. ಅದನ್ನು ಅಂದಾಜಿಗೆ ತೂಗಿ ದ್ರಾವಣ ಮಾಡಿ, ಈಗಾಗಲೇ ಮಾಡಿಟ್ಟ ಆಕ್ಸಾಲಿಕ್ ಆ್ಯಸಿಡ್ ಜೊತೆ ಫಿನಾಲ್ಫ್ಥಲೀನ್ (ಬಣ್ಣ ಬದಲಿಸಿ ಮುಗಿದದ್ದನ್ನು ತೋರಿಸುವ ಸೂಚಕ) ಹಾಕಿ ಟೈಟ್ರೇಟ್ ಮಾಡಿ. ಅದರ ನಿಜವಾದ ಮೋಲಾರಿಟಿ ಗೊತ್ತಾಗುವುದು ಆಗಲೇ.