ನಿನ್ನೆನೇ ನೀರು ಬದಲಿಸೇವ್ರಿ

ಹೋದ ಚಳಿಗಾಲ ಬೀಗರ ಮನೆ ಮದುವೆಗೆಂದು ಬೆಳಗಾವಿ ಕಡೆಯ ಒಂದು ರೆಸಾರ್ಟ್‌ನಲ್ಲಿ ಎರಡು ದಿನ ಇದ್ದೆವು. ಅಲ್ಲೊಂದು ಬಿಸಿನೀರಿನ ತೊಟ್ಟಿ, ಹಾಟ್ ಟಬ್. ಗುಂಡಿ ಒತ್ತಿದರೆ ಸುತ್ತಲಿನ ತೂತುಗಳಿಂದ ನೀರೂ ಗಾಳಿಯೂ ಕೂಡಿ ಬುಳುಬುಳು ಉಕ್ಕುತ್ತವೆ. ವಿಜಯಪುರದಲ್ಲಿ ಪಾಳಿ ಪ್ರಕಾರ ಬರುವ ನಳದ ನೀರನ್ನು ಕೊಡದಲ್ಲಿ ಎಣಿಸಿ ಬೆಳೆದ ನಮ್ಮ ಮಕ್ಕಳು ಅದರಿಂದ ಮೇಲೇಳಲೇ ಇಲ್ಲ. ನನ್ನ ಕಣ್ಣು ಮಾತ್ರ ಬೇರೆಡೆ ಇತ್ತು. ಗುಂಡಿ ಒತ್ತಿದ ಕೂಡಲೇ ತೂತುಗಳಿಂದ ಚಹಾಪುಡಿಯಂಥ ಕಂದು ಚೂರುಗಳು ಹೊರಬಿದ್ದಿದ್ದವು. ಒಂದನ್ನು ಬೆರಳಲ್ಲಿ ತೀಡಿದೆ, ಲೋಳೆ. ಮ್ಯಾನೇಜರನಿಗೆ ತೋರಿಸಿದರೆ, "ನಿನ್ನೆನೇ ನೀರು ಬದಲಿಸೇವ್ರಿ ಸರ್ರ" ಅಂದ.

ಅವನು ಸುಳ್ಳು ಹೇಳಲಿಲ್ಲ. ನೀರು ತಳ ಕಾಣುವಷ್ಟು ತಿಳಿಯಾಗಿತ್ತು. ಮರುದಿನ ಇಬ್ಬರು ಹುಡುಗರಿಗೆ ಚಡ್ಡಿ ಮುಚ್ಚಿದ ಜಾಗದಲ್ಲೆಲ್ಲ ಕೆಂಪು ಗುಳ್ಳೆ ಎದ್ದವು. "ಹುಡುಗರಿಗೆ ಕಣ್ಣು ಬಿದ್ದದ, ಉಪ್ಪು ಮೆಣಸಿನಕಾಯಿ ಇಳಿ ತಗೀರಿ" ಅಂದರು ನಮ್ಮ ಅತ್ತೆ. ಇಳಿ ತೆಗೆದದ್ದೂ ಆಯಿತು, ವಾರದೊಳಗೆ ಗುಳ್ಳೆ ಮಾಯವಾದದ್ದೂ ಆಯಿತು, ಮೆಣಸಿನಕಾಯಿಗೆ ಕೀರ್ತಿ ಬಂತು. ಇಂಥ ತೊಟ್ಟಿಗಳಲ್ಲಿ ಕೂದಲ ಬುಡಕ್ಕೆ ಸೋಂಕು ತಗುಲಿಸುವುದರಲ್ಲಿ ಹೆಸರುವಾಸಿಯಾದ ಬ್ಯಾಕ್ಟೀರಿಯಾ ಒಂದಿದೆ, ಸೂಡೊಮೊನಾಸ್. ಇಲ್ಲಿಯೂ ಅದೇ ಇರಬೇಕು. ಆರೋಗ್ಯವಂತರಲ್ಲಿ ಆ ಗುಳ್ಳೆ ಸಾಮಾನ್ಯವಾಗಿ ತಾನಾಗಿಯೇ ಮಾಯುತ್ತದೆ. ಅತ್ತೆಯವರಿಗೆ ಇದನ್ನು ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಆದರೆ ಮ್ಯಾನೇಜರನ ಮಾತು ತಲೆಯಲ್ಲೇ ಉಳಿಯಿತು. ನಾವೆಲ್ಲರೂ ಅವನಂತೆಯೇ ಯೋಚಿಸುವವರು. ಹೊಲಸು ಇರುವುದು ನೀರಿನಲ್ಲಿ, ನೀರು ಚೆಲ್ಲಿದರೆ ಹೊಲಸು ಹೋಯಿತು ಅಂತ. ಲೋಳೆ ನೀರಿನದಲ್ಲ, ಗೋಡೆಯದು. ಕೊಳವೆಯ ಒಳಮೈ, ಫಿಲ್ಟರಿನ ಮಡಿಕೆ, ಟ್ಯಾಂಕಿನ ಮೂಲೆ ಅದರ ಊರು. ನೀರು ಆ ಊರಿನ ಮುಂದೆ ಹಾದುಹೋಗುವ ರಸ್ತೆ ಅಷ್ಟೆ. ಬ್ಯಾಕ್ಟೀರಿಯಾ ಅಂದರೆ ನೀರಲ್ಲಿ ಒಂಟಿಯಾಗಿ ತೇಲುವ ಜೀವಿ ಎಂದು ವಿಜ್ಞಾನಿಗಳೂ ಬಹುಕಾಲ ನಂಬಿದ್ದರು. ನಿಸರ್ಗದಲ್ಲಿ ಅವುಗಳಲ್ಲಿ ಹೆಚ್ಚಿನವು ಯಾವುದಾದರೂ ಮೇಲ್ಮೈಗೆ ಅಂಟಿಕೊಂಡು ಗುಂಪಾಗಿ ಬಾಳುತ್ತವೆ ಎಂದು ಕೆನಡಾದ ಬಿಲ್ ಕೋಸ್ಟರ್ಟನ್ ಮತ್ತು ಜೊತೆಗಾರರು 1978ರಲ್ಲಿ ಒತ್ತಿ ಹೇಳಿದರು. ಈ ಗುಂಪಿಗೆ ಬಯೋಫಿಲ್ಮ್ ಎಂದು ಹೆಸರು. ನಾನು ಲೋಳೆ ಎಂದೇ ಕರೆಯುತ್ತೇನೆ.

ಅಂಟಿದ ಬ್ಯಾಕ್ಟೀರಿಯಾ ತನ್ನ ಸುತ್ತ ಸಕ್ಕರೆಯ ಉದ್ದುದ್ದ ಸರಪಳಿಗಳನ್ನು ಸ್ರವಿಸುತ್ತದೆ. ಅದಕ್ಕೆ ಪ್ರೋಟೀನು, ಸತ್ತ ಜೀವಕೋಶಗಳ ಡಿಎನ್‌ಎ ಕೂಡ ಸೇರುತ್ತವೆ. ಅಗಸಿಕಾಳು ನೆನೆಹಾಕಿದರೆ, ಬೆಂಡೆಕಾಯಿ ಹೆಚ್ಚಿದರೆ ಬರುವ ಜಿಗುಟು ಕೂಡ ಇಂಥದೇ ಸಕ್ಕರೆ ಸರಪಳಿಗಳದು. ತೂಕ ಮಾಡಿದರೆ ಬಹುಪಾಲು ನೀರು, ಆದರೂ ಕೈಯಲ್ಲಿ ನಿಲ್ಲುತ್ತದೆ. ಅಂಬಲಿಗಿಂತ ಗಟ್ಟಿ, ಗಿಣ್ಣಕ್ಕಿಂತ ಮೆದು.

ಬ್ಯಾಕ್ಟೀರಿಯಾ ಕೊಲ್ಲಲೆಂದು ನೀರಿಗೆ ಹಾಕುವ ಕ್ಲೋರಿನ್ ಇದರೊಳಗೆ ಯಾಕೆ ಇಳಿಯುವುದಿಲ್ಲ? ನನಗೆ ಈ ಕತೆಯಲ್ಲೆಲ್ಲ ಹೆಚ್ಚು ಖುಷಿ ಕೊಡುವ ಭಾಗ ಇದೇ. ಲೋಳೆ ಜಲನಿರೋಧಕ ಕವಚ, ಅದಕ್ಕೇ ಔಷಧಿ ಒಳಹೋಗುವುದಿಲ್ಲ ಎಂದು ಕೆಲವರು ವಿವರಿಸುತ್ತಾರೆ. ತಪ್ಪು. ನೀರೇ ತುಂಬಿದ ಲೋಳೆಯಲ್ಲಿ ಸಣ್ಣ ಅಣುಗಳು ಸಲೀಸಾಗಿ ಓಡಾಡುತ್ತವೆ. ತೊಂದರೆ ಇರುವುದು ಕ್ಲೋರಿನ್ನಿನ ಸ್ವಭಾವದಲ್ಲಿ. ಅದಕ್ಕೆ ಆಯ್ದು ಹೊಡೆಯಲು ಬಾರದು. ಬ್ಯಾಕ್ಟೀರಿಯಾ ಸಿಗಲಿ, ಬೆವರು ಸಿಗಲಿ, ಬರೀ ಜಿಗುಟು ಸಿಗಲಿ, ಮೊದಲು ಸಿಕ್ಕಿದ್ದರೊಡನೆ ಕೂಡಿ ತಾನೇ ತೀರಿಹೋಗುತ್ತದೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯ ಗದ್ದಲದೊಳಗೆ ಒಬ್ಬ ಪ್ರಸಾದದ ಬುಟ್ಟಿ ಹೊತ್ತು ನುಗ್ಗಿದ ಅನ್ನಿ. ಅವನನ್ನು ತಡೆಯುವವರು ಯಾರೂ ಇಲ್ಲ. ಆದರೆ ಹತ್ತು ಹೆಜ್ಜೆಯೊಳಗೆ ಬುಟ್ಟಿ ಖಾಲಿ, ಹಿಂದೆ ನಿಂತವರಿಗೆ ಏನೂ ಮುಟ್ಟಲಿಲ್ಲ. ಕರದಂಟನ್ನು ಹಾಲಿಗೆ ಅದ್ದಿ ತೆಗೆದರೆ ಮೇಲೆ ಒದ್ದೆ, ಒಳಗೆ ಗಟ್ಟಿ, ಹಾಗೆಂದೂ ಹೇಳಬಹುದು. ಪ್ರಸಾದದ ಹೋಲಿಕೆಯೇ ವಾಸಿ, ಯಾಕೆಂದರೆ ಬುಟ್ಟಿಯ ಮೇಲೆ ಬುಟ್ಟಿ ಬಂದರೆ ಕೊನೆಗೆ ಹಿಂದಿನವರಿಗೂ ಸಿಗುತ್ತದೆ. ಕ್ಲೋರಿನ್ನೂ ಹಾಗೆಯೇ, ಪ್ರಮಾಣವೂ ಹೊತ್ತೂ ಸಾಕಷ್ಟಿದ್ದರೆ ತಳ ಮುಟ್ಟೀತು. ಅಷ್ಟರಲ್ಲಿ ತಳದ ಬ್ಯಾಕ್ಟೀರಿಯಾ ಇನ್ನೊಂದು ಆಟ ಹೂಡಿರುತ್ತವೆ. ಆಹಾರ, ಆಮ್ಲಜನಕ ಕಮ್ಮಿಯಾದ ಆ ಆಳದಲ್ಲಿ ಕೆಲವು ಬೆಳೆಯುವುದನ್ನೇ ನಿಲ್ಲಿಸಿ, ಹಗೇವಿನೊಳಗಿನ ಜೋಳದಂತೆ ಸುಮ್ಮನೆ ಬಿದ್ದಿರುತ್ತವೆ.

ಲೋಳೆಯ ಒಳಗಿನವು ಹೀಗೆ ಬದುಕುಳಿಯುವುದನ್ನು ಮೊದಲು ಕಂಡವನು ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟೊನಿ ವಾನ್ ಲೇವನ್‌ಹುಕ್. 1683ರಲ್ಲಿ ತನ್ನ ಹಲ್ಲಿನ ಸಂದಿಯ ಬಿಳಿ ಕೊಳೆಯನ್ನು, ಅದೂ ಲೋಳೆಯೇ, ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರಲ್ಲಿ ಪುಟ್ಟ ಪ್ರಾಣಿಗಳು ಓಡಾಡುತ್ತವೆ ಎಂದು ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದ. ಆಮೇಲೆ ವಿನೆಗರ್‌ನಿಂದ ಹಲ್ಲು ತೊಳೆದು ನೋಡಿದರೆ ಸತ್ತದ್ದು ಹೊರಮೈಯಲ್ಲಿದ್ದವು ಮಾತ್ರ, ಒಳಗಿನವು ಗಟ್ಟಿಮುಟ್ಟಾಗಿದ್ದವು. ಅವನು ಅಲ್ಲಿ ಹಲ್ಲಿನ ಕೋಟೆಗೆ ಮುತ್ತಿಗೆ ಹಾಕುತ್ತಿದ್ದ ಕಾಲಕ್ಕೇ, 1685ರಲ್ಲಿ, ನಮ್ಮ ಊರಿನ ಕೋಟೆಗೆ ಔರಂಗಜೇಬನ ಸೇನೆ ಮುತ್ತಿಗೆ ಹಾಕಿತು ಎನ್ನುವುದು ನನಗೆ ಹುಚ್ಚು ಹಿಡಿಸುವ ಸಂಗತಿ. ಸುಮಾರು 10 ಕಿಲೋಮೀಟರ್ ಸುತ್ತಳತೆಯ ಗೋಡೆ ಫಿರಂಗಿಗೆ ಅಷ್ಟು ಸುಲಭಕ್ಕೆ ಜಗ್ಗಲಿಲ್ಲ. 1686ರ ಸೆಪ್ಟೆಂಬರಿನಲ್ಲಿ ಸಿಕಂದರ್ ಆದಿಲ್‌ಶಾಹ ಶರಣಾಗುವ ಹೊತ್ತಿಗೆ ಒಳಗೆ ಜನ, ಜಾನುವಾರು ಹಸಿವಿನಿಂದ ಕಂಗೆಟ್ಟಿದ್ದವು.

ಆದಿಲ್‌ಶಾಹಿಗಳ ಹೆಸರು ಬಂದ ಮೇಲೆ ಅವರ ನೀರಿನ ಮಾತಾಡದೆ ಮುಂದೆ ಹೋದರೆ ಊರವರು ನನ್ನನ್ನು ಬಿಡುವುದಿಲ್ಲ. ತೊರವಿಯಿಂದ ನೆಲದೊಳಗಿನ ಸುರಂಗದಲ್ಲಿ, 1651ರಲ್ಲಿ ಕಟ್ಟಿದ ಬೇಗಂ ತಲಾಬ ಎಂಬ ಕೆರೆಯಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಊರಿಗೆ ಬರುತ್ತಿತ್ತು. ದಾರಿಯ ನಡುನಡುವೆ ಗಂಜ್ ಎಂಬ ಗೋಪುರಗಳು. ಅವುಗಳಲ್ಲಿ ಕೆಲವು ಇಂದಿಗೂ ಊರ ನಡುವೆ ನಿಂತಿವೆ, ಕೋಟೆಯ ಬುರುಜೆಂದು ತಿಳಿದು ಫೋಟೋ ತೆಗೆಸಿಕೊಳ್ಳುವವರೂ ಇದ್ದಾರೆ. ನೀರು ಗಂಜಿನೊಳಗೆ ಮೇಲೇರಿ ಇಳಿಯುವಾಗ ಕೊಳವೆಯ ಒತ್ತಡ ತಗ್ಗುತ್ತಿತ್ತು, ರಾಡಿ ತಳಕ್ಕೆ ಕೂರುತ್ತಿತ್ತು. ಕೊಳೆ ಎಲ್ಲಿ ಕೂರಬೇಕೆಂದು ಅವರೇ ಗೊತ್ತುಮಾಡಿ, ಅಲ್ಲಿಗೆ ಮನುಷ್ಯನ ಕೈ ಮುಟ್ಟುವಂತೆ ಕಟ್ಟಿದ್ದರು. ನಾವು ಕೊಳವೆಯನ್ನು ಗೋಡೆಯೊಳಗೆ ಹೂತು ಮೇಲೆ ಟೈಲ್ಸ್ ಬಡಿದಿದ್ದೇವೆ.

"ನೀರು ಜೋರಾಗಿ ಹರಿದರೆ ಎಲ್ಲ ಕೊಚ್ಚಿಕೊಂಡು ಹೋಗೂದಿಲ್ಲೇನು?" ಎಂದು ನನ್ನ ತಮ್ಮ ಕೇಳಿದ. ಮತ್ತೆ ಜಾತ್ರೆಗೇ ಬರಬೇಕು. ರಸ್ತೆಯ ನಡುವೆ ಜನ ನೂಕಿಕೊಂಡು ಓಡುತ್ತಿದ್ದರೂ, ಅಂಗಡಿ ಕಟ್ಟೆಗೆ ಒತ್ತಿ ನಿಂತವನು ನಿಂತಲ್ಲೇ ಇರುತ್ತಾನೆ. ಕೊಳವೆಯ ನಡುವೆ ನೀರು ಎಷ್ಟೇ ವೇಗವಾಗಿ ಓಡಲಿ, ಗೋಡೆಗೆ ತಾಗಿದ ಪದರದ ವೇಗ ಸೊನ್ನೆ. ಲೋಳೆ ಬೇರು ಬಿಡುವುದು ಆ ಪದರದಲ್ಲಿ. ವೇಗ ಹೆಚ್ಚಿದರೆ ಅದರ ತುದಿಯನ್ನು ಕೆರೆದೀತು, ತೊಟ್ಟಿಯಲ್ಲಿ ನಾನು ಕಂಡ ಚಹಾಪುಡಿ ಅಂಥದು. ಪಾಳಿ ದಿನ ನಳದಲ್ಲಿ ಮೊದಲು ಬರುವ ರಾಡಿ ನೀರಿನಲ್ಲೂ ಇದರ ಪಾಲಿದೆ. ಖಾಲಿ ಬಿದ್ದಿದ್ದ ಕೊಳವೆಗೆ ಒಮ್ಮೆಲೇ ನೀರು ನುಗ್ಗಿದಾಗ ಒಳಮೈ ಕಿತ್ತುಬರುತ್ತದೆ. ಮೊದಲ ಎರಡು ಕೊಡ ಚೆಲ್ಲುವ ನಮ್ಮ ಹೆಂಗಸರ ರೂಢಿ ಸರಿಯಾದದ್ದೇ.

ಹಾಟ್ ಟಬ್ಬಿನ ಪಾಡು ಇನ್ನೂ ಕಷ್ಟ. 37ರಿಂದ 40 ಡಿಗ್ರಿ ಬಿಸಿ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಬೆವರು, ಎಣ್ಣೆ, ಕ್ರೀಮು ಅವಕ್ಕೆ ಊಟ. ಸಾಲದ್ದಕ್ಕೆ ಗಾಳಿಗುಳ್ಳೆ ಎದ್ದಂತೆ ನೀರಿನ ಇಂಗಾಲದ ಡೈಆಕ್ಸೈಡ್ ಹಾರಿ ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, ಏರುತ್ತದೆ. ಪಿಎಚ್ 7.5 ಇದ್ದಾಗ ಕ್ಲೋರಿನ್ನಿನ ಹೆಚ್ಚುಕಮ್ಮಿ ಅರ್ಧ ಭಾಗ ಚುರುಕಿನ ರೂಪದಲ್ಲಿರುತ್ತದೆ, 8ಕ್ಕೆ ಏರಿದರೆ ಕಾಲು ಭಾಗ. ಗುಳ್ಳೆ ಸಿಡಿದಾಗ ಏಳುವ ತುಂತುರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇದ್ದರೆ ಅದು ಉಸಿರಿನೊಡನೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ತರುತ್ತದೆ. 1999ರಲ್ಲಿ ನೆದರ್‌ಲ್ಯಾಂಡ್ಸ್‌ನ ಬೊವೆನ್‌ಕಾರ್ಸ್ಪೆಲ್‌ನ ಹೂವಿನ ಪ್ರದರ್ಶನದಲ್ಲಿ ಇಂಥದೊಂದು ತೊಟ್ಟಿಯನ್ನು ಸುಮ್ಮನೆ ತೋರಿಕೆಗೆ ಚಾಲೂ ಇಟ್ಟಿದ್ದರು. ಪಕ್ಕದಲ್ಲಿ ಹಾದುಹೋದ ಜನರಿಗೆ ಸೋಂಕು ತಗುಲಿ ಕನಿಷ್ಠ 32 ಮಂದಿ ಸತ್ತರು. ಹಾಗಾಗಿ ಈ ತೊಟ್ಟಿಗಳಲ್ಲಿ ಲೀಟರಿಗೆ 3 ಮಿಲಿಗ್ರಾಮಿಗೆ ಕಮ್ಮಿಯಾಗದಂತೆ ಕ್ಲೋರಿನ್ ಇರಬೇಕು ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತದೆ.

ತೊಟ್ಟಿ ತೊಳೆಯುವವರು ಮೊದಲು ನೀರು ಚೆಲ್ಲುತ್ತಾರೆ. ತಪ್ಪುವುದೇ ಅಲ್ಲಿ. ಹಳೆ ನೀರು ತುಂಬಿರುವಾಗಲೇ ಫಿಲ್ಟರ್ ತೆಗೆದಿಟ್ಟು, ಕೊಳವೆ ತೊಳೆಯುವ ಸೋಪಿನಂಥ ದ್ರಾವಣ ಸುರಿದು, ಎಲ್ಲ ತೂತುಗಳಿಂದಲೂ ನೀರು ಚಿಮ್ಮುವಂತೆ ಪಂಪು ಓಡಿಸಬೇಕು. ಕಂದು ನೊರೆ ಉಕ್ಕುತ್ತದೆ. ಅದನ್ನು ಬಾಚಿ, ನೀರು ಚೆಲ್ಲಿ, ಒರೆಸಿ, ಮತ್ತೆ ತುಂಬಿಸಿದ ಮೇಲೆ ಕ್ಲೋರಿನ್. ಫಿಲ್ಟರಿನ ಮಡಿಕೆ ಮಡಿಕೆಗೂ ಪೈಪಿನಿಂದ ನೀರು ಬಿಟ್ಟು, ಜಿಡ್ಡು ಬಿಡಿಸುವ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಿ, ತೊಳೆದು, ಬಿಸಿಲಲ್ಲಿ ಖಡಕ್ಕಾಗಿ ಒಣಗಿಸಬೇಕು. ಬಿಸಿಲಿಗೆ ನಮ್ಮ ಕಡೆ ಬರವೇ? ಎರಡು ಫಿಲ್ಟರ್ ಇಟ್ಟುಕೊಂಡರೆ ಒಂದು ಒಣಗುವಾಗ ಇನ್ನೊಂದು ದುಡಿಯುತ್ತದೆ. ಸುಣ್ಣದ ಕರೆ ತೆಗೆಯಲು ಆಸಿಡ್ ಬಳಸುವವರು ಕ್ಲೋರಿನ್ನಿನ ಹತ್ತಿರ ಅದನ್ನು ತರಲೇಬಾರದು. ಎರಡೂ ಕೂಡಿದರೆ ಏಳುವ ಅನಿಲ ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಬೆಲ್ಜಿಯಂನ ಈಪ್ರದ ರಣರಂಗದಲ್ಲಿ ಸೈನಿಕರನ್ನು ಕೊಂದದ್ದು.

ಊರಿಗೆ ಬಂದ ಮೇಲೆ ನಮ್ಮ ಮಾಳಿಗೆಯ ಟ್ಯಾಂಕನ್ನೇ ಇಣುಕಿದೆ. ನೀರು ಶುದ್ಧವಾಗಲೆಂದು ಯಾರೋ ನಾಣ್ಯ ಹಾಕಿದ್ದರು. ತಾಮ್ರಕ್ಕೆ ಬ್ಯಾಕ್ಟೀರಿಯಾ ಕೊಲ್ಲುವ ಗುಣ ಇರುವುದು ನಿಜ, ಆದರೆ ಇಂದಿನ ರೂಪಾಯಿ ನಾಣ್ಯ ಸ್ಟೀಲಿನದು. ಅದರ ಮೇಲೂ ಲೋಳೆ ಕೂತಿತ್ತು. ನಾನು ಎರಡು ಸಲ ಬ್ಲೀಚಿಂಗ್ ಪೌಡರ್ ಹಾಕಿದೆ, ಎರಡು ಸಲವೂ ತಿಂಗಳೊಳಗೆ ನಳದ ಜಾಳಿಗೆ ಕಟ್ಟಿಕೊಂಡಿತು. ಇಷ್ಟೆಲ್ಲ ಓದಿದವನು ನಾನು! ಪ್ಲಂಬರ್ ಬಂದು ನಕ್ಕ. "ತಿಕ್ಕಲಾರದ ಪೌಡರ್ ಹಾಕಿದ್ರ ಜಳಕ ಮಾಡಲಾರದ ಅತ್ತರ ಬಡಕೊಂಡಂಗ ಆಗ್ತದ್ರಿ ಸರ್ರ."

ಬ್ರಶ್ ಹಿಡಿದು ತಿಕ್ಕಿ, ತೊಳೆದು, 1000 ಲೀಟರಿನ ಟ್ಯಾಂಕಿಗೆ 200 ಗ್ರಾಂ ಪೌಡರನ್ನು ಬಕೆಟ್ಟಿನಲ್ಲಿ ಕಲಸಿ ಮೇಲಿನ ತಿಳಿಯನ್ನಷ್ಟೇ ಸುರಿದೆವು. ಪೌಡರ್ ಹೊಸದಾಗಿದ್ದರೆ ಲೀಟರಿಗೆ ಸುಮಾರು 50 ಮಿಲಿಗ್ರಾಂ ಕ್ಲೋರಿನ್ ಆಗುತ್ತದೆ. ಒಂದೊಂದೇ ನಳ ತಿರುವಿ, ವಾಸನೆ ಬಂದ ಕೂಡಲೇ ಬಂದ್ ಮಾಡಿ, ರಾತ್ರಿ ಬಿಟ್ಟು, ಬೆಳಿಗ್ಗೆ ಎಲ್ಲವನ್ನೂ ಚೆಲ್ಲಿದೆವು.

ಹಳೆ ಗೀಸರಿಗೆ ಹೋಗುತ್ತಿದ್ದ ಒಂದು ಕೊಳವೆ, ಗೀಸರ್ ತೆಗೆದ ಮೇಲೆ ತುದಿ ಮುಚ್ಚಿಕೊಂಡು ಆರು ವರ್ಷದಿಂದ ಸುಮ್ಮನೆ ನಿಂತಿತ್ತು. ಅದರೊಳಗಿನ ನೀರಿಗೆ ಹೋಗಲು ದಾರಿಯೇ ಇರಲಿಲ್ಲ. ಪ್ಲಂಬರ್ ಅದನ್ನು ಕೊಯ್ದು ನೆಲಕ್ಕೆ ಕುಟ್ಟಿದಾಗ ಎಮ್ಮೆಯ ನಾಲಿಗೆಯಂಥದೊಂದು ಕರಿ ಲೋಳೆ ಜಾರಿ ಬಿತ್ತು. "ಇದನ್ನ ಇಟ್ಕೋತೀರೇನ್ರಿ?" ಎಂದು ಅವನು ಚೇಷ್ಟೆ ಮಾಡಿದ. ನಾನು ನಿಜಕ್ಕೂ ಕೊಳವೆಯ ಒಂದು ತುಂಡನ್ನು ಸೀಳಿಸಿ ಮಾಳಿಗೆಯ ಮೇಲಿಟ್ಟೆ. ಏಪ್ರಿಲ್ ಬಿಸಿಲಿಗೆ ಅದರೊಳಗಿನ ಲೋಳೆ ಎರಡೇ ದಿನದಲ್ಲಿ ಹಪ್ಪಳದಂತೆ ಒಣಗಿ, ಉಗುರಿಗೆ ಸಿಗದಷ್ಟು ತೆಳ್ಳಗಾಯಿತು. ಮೂರನೇ ದಿನ ಅದರ ಮೇಲೆ ನಾಲ್ಕು ಹನಿ ನೀರು ಬಿಟ್ಟು ಚಹಾ ಕುಡಿದು ಬಂದು ಮುಟ್ಟಿದೆ. ಬೆರಳು ಜಾರಿತು.