ದೋಣಿಯ ಯಾವ ತುದಿ ದಡ ಮುಟ್ಟಿತು? ಹೋಮೋಪ್ರೊಪಾರ್ಜಿಲ್ ಆಲ್ಕೋಹಾಲ್ ಗೊಂದಲದ ಹಿನ್ನೆಲೆ

ಜುಲೈ ತಿಂಗಳಲ್ಲಿ ಕಾರವಾರದಲ್ಲಿ ಕೂತು ಗ್ರಿನ್ಯಾರ್ (ಮೆಗ್ನೀಸಿಯಂ ಬಳಸುವ, ನೀರು ತಾಗಿದರೆ ಕೆಡುವ ಕ್ರಿಯೆ) ಮಾಡಲು ಹೊರಟವರಿಗೆ ತಾಳ್ಮೆ ಜಾಸ್ತಿ ಬೇಕು. ಹೊರಗೆ ಮಳೆ ಹೊಯ್ಯುತ್ತಿರುತ್ತದೆ, ಲ್ಯಾಬಿನ ಗೋಡೆ ಬೆವರುತ್ತಿರುತ್ತದೆ, ಓವನ್ನಿನಿಂದ ತೆಗೆದ ಫ್ಲಾಸ್ಕು ತಣ್ಣಗಾಗುವಷ್ಟರಲ್ಲಿ ಒಳಗೆ ಮತ್ತೆ ಪಸೆ. ಟಿಎಚ್ಎಫ್ ಎಂಬ ದ್ರಾವಕ ಒಣಗಿಸಲು ಸೋಡಿಯಂ, ಬೆಂಜೋಫಿನೋನ್ ಹಾಕಿ ಕುದಿಸುತ್ತ ಕೂತರೆ ಒಣಗಿತು ಎಂದು ತೋರಿಸುವ ಗಾಢ ನೀಲಿ ಬಣ್ಣ ಸಂಜೆಯಾದರೂ ಬರುವುದಿಲ್ಲ. ಬೇಸಿಗೆಯಲ್ಲಿ ಮಾಡೋಣ ಅಂದರೆ ಇನ್ನೊಂದು ದ್ರಾವಕ ಈಥರ್ ಸುಮಾರು 35 ಡಿಗ್ರಿಗೇ ಕುದಿಯುತ್ತದೆ. ಮೇ ತಿಂಗಳ ನಮ್ಮ ಮಧ್ಯಾಹ್ನಕ್ಕೆ ಅಷ್ಟು ಬಿಸಿ ಏನೂ ಕಷ್ಟವಲ್ಲ.

ಹೋದ ಮಳೆಗಾಲ ಇಂಥದೇ ಒಂದು ದಿನ, ಎಂಎಸ್ಸಿ ಪ್ರಾಜೆಕ್ಟಿನ ಹುಡುಗಿಯೊಬ್ಬಳು, ಶಿರಸಿ ಕಡೆಯವಳು, ಒಂದು ಕಟ್ಟು ಪ್ರಿಂಟ್‌ಔಟ್ ಹಿಡಿದುಕೊಂಡು ಬಂದಳು. "ಸರ್, ಅದೇ ಬ್ರೋಮೈಡು, ಅದೇ ಆಲ್ಡಿಹೈಡು. ಇದರಲ್ಲಿ ಆಲ್ಕೈನ್ ಬಂತು ಅಂತ ಬರೆದಿದ್ದಾರೆ, ಇದರಲ್ಲಿ ಅಲೀನ್ ಅಂತಿದೆ. ಯಾರದ್ದು ಸರಿ?" ಆಲ್ಕೈನ್ ಅಂದರೆ ತ್ರಿಬಂಧ ಇರುವುದು, ಅಲೀನ್ ಅಂದರೆ ಒಂದೇ ಕಾರ್ಬನ್ನಿನ ಎರಡೂ ಬದಿಗೆ ದ್ವಿಬಂಧ ಇರುವುದು. ಇಬ್ಬರದ್ದೂ ಸರಿ. ಅದನ್ನು ಅವಳಿಗೆ ಬಿಡಿಸಿ ಹೇಳಲು ಒಂದು ವಾರ ಹಿಡಿಯಿತು.

ಹೆಸರು ನೋಡಿ ಹೆದರಬೇಡಿ. ಕಾರ್ಬನ್ ಸರಪಳಿಯ ಒಂದು ಕಡೆ ತ್ರಿಬಂಧ, ಇನ್ನೊಂದು ಕಡೆ ಒಎಚ್. ನಡುವೆ ಒಂದೇ ಕಾರ್ಬನ್ ಇದ್ದರೆ ಪ್ರೊಪಾರ್ಜಿಲ್ ಆಲ್ಕೋಹಾಲ್. ಇನ್ನೊಂದು ಕಾರ್ಬನ್ ಸೇರಿದರೆ ಮುಂದೆ 'ಹೋಮೋ' ಹತ್ತುತ್ತದೆ, ಅಷ್ಟೇ. ಇವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದು 3-ಬ್ಯೂಟೈನ್-1-ಆಲ್. ಇದನ್ನು ಮಾಡುವ ಹಳೆಯ ದಾರಿಯಲ್ಲಿ ಗೊಂದಲವೇ ಇಲ್ಲ. ನಮ್ಮಲ್ಲಿ ಬೋಟು ರಿಪೇರಿಯವರು ವೆಲ್ಡಿಂಗಿಗೆ ಉರಿಸುವ ಅಸಿಟಿಲೀನ್ ಇದೆಯಲ್ಲ, ಅದರ ಸೋಡಿಯಂ ಲವಣವನ್ನು ದ್ರವ ಅಮೋನಿಯಾದಲ್ಲಿ ಎಥಿಲೀನ್ ಆಕ್ಸೈಡ್ ಜೊತೆ ಸೇರಿಸಿದರೆ ಮುಗಿಯಿತು. ಇದೇ ಜಾತಿಯ ಬೇರೆ ಎಪಾಕ್ಸೈಡ್‌ಗಳು ಹಟ ಮಾಡುತ್ತಿದ್ದವು. 1983ರಲ್ಲಿ ಜಪಾನಿನ ಯಾಮಾಗುಚಿ ಮತ್ತು ಹಿರಾವ್ ಬೋರಾನ್ ಟ್ರೈಫ್ಲೋರೈಡ್ ಹಾಕಿ ಅವನ್ನೂ ದಾರಿಗೆ ತಂದರು.

ತೊಡಕು ಇರುವುದು ಎರಡನೇ ದಾರಿಯಲ್ಲಿ. ಪ್ರೊಪಾರ್ಜಿಲ್ ಬ್ರೋಮೈಡ್, ಒಂದು ಲೋಹ, ಒಂದು ಆಲ್ಡಿಹೈಡ್. ಫ್ರಾನ್ಸಿನ ಲಿಯಾನ್‌ನಲ್ಲಿ 1899ರಲ್ಲಿ ಬಾರ್ಬಿಯೆ ಇದೇ ಬಗೆಯ ಕ್ರಿಯೆಯ ಎಲ್ಲ ವಸ್ತುಗಳನ್ನೂ ಒಂದೇ ಪಾತ್ರೆಗೆ ಹಾಕಿ ನೋಡಿದ, ಮರುವರ್ಷ ಅವನ ಶಿಷ್ಯ ಗ್ರಿನ್ಯಾರ್ ಮೊದಲು ಲೋಹದ ಸಂಯುಕ್ತ ಮಾಡಿಕೊಂಡು ಆಮೇಲೆ ಉಳಿದದ್ದನ್ನು ಹಾಕಿದ, 1912ರಲ್ಲಿ ನೊಬೆಲ್ ಬಂತು. ಅಲ್ಲಿಂದ ಅರ್ಧ ಶತಮಾನ ಹಾರಿ. 1950ರ ದಶಕದಲ್ಲಿ ಫ್ರಾನ್ಸಿನವರೇ ಆದ ಗೋಡ್ಮಾರ್ ಮತ್ತಿತರರು ಪ್ರೊಪಾರ್ಜಿಲ್ ಬ್ರೋಮೈಡ್ ಮತ್ತು ಮೆಗ್ನೀಸಿಯಂಗೆ ಚಿಟಿಕೆ ಮರ್ಕ್ಯುರಿಕ್ ಕ್ಲೋರೈಡ್ ಹಾಕಿ ಕ್ರಿಯೆ ಶುರು ಮಾಡಿಸಿದರು. ಇನ್‌ಫ್ರಾರೆಡ್‌ನಲ್ಲಿ ನೋಡಿದರೆ ಒಳಗಿರುವುದು ಹೆಸರಿನಲ್ಲಿದ್ದ ಹಾಗೆ ಪ್ರೊಪಾರ್ಜಿಲ್ ಅಲ್ಲ, ಹೆಚ್ಚಿನದೆಲ್ಲ ಅಲೀನಿಲ್, ಅಂದರೆ ಅಲೀನ್ ರೂಪದ್ದು. ಬಾಟಲಿಯ ಚೀಟಿ ಒಂದು ಹೇಳುತ್ತದೆ, ಒಳಗಿನ ಮಾಲು ಇನ್ನೊಂದು. ಇವತ್ತಿಗೂ ಚೀಟಿ ಬದಲಾಗಿಲ್ಲ, ಅದೇ ಹೆಸರು ಓಡುತ್ತಿದೆ.

ಕಾಳಿ ನದಿಯಲ್ಲಿ ಸಣ್ಣ ದೋಣಿ ನೋಡಿದವರಿಗೆ ಇದು ಸುಲಭ. ಹುಟ್ಟು ಹಾಕುವವ ಒಂದು ತುದಿಯಲ್ಲಿ ಕೂತಿರುತ್ತಾನೆ, ದಡ ಮುಟ್ಟುವುದು ಇನ್ನೊಂದು ತುದಿ. ಇಲ್ಲಿ ಲೋಹವೇ ಹುಟ್ಟು ಹಾಕುವವ, ಆಲ್ಡಿಹೈಡ್ ದಡ. ಲೋಹ ಅಲೀನಿಲ್ ತುದಿಯಲ್ಲಿ ಕೂತರೆ ಎದುರಿನ ಸಿಎಚ್2 ಹೋಗಿ ತಾಗುತ್ತದೆ, ಹೋಮೋಪ್ರೊಪಾರ್ಜಿಲ್ ಆಲ್ಕೋಹಾಲ್ ಸಿಗುತ್ತದೆ. ಪ್ರೊಪಾರ್ಜಿಲ್ ತುದಿಯಲ್ಲಿ ಕೂತರೆ ಅಲೀನ್ ಇರುವ ಆಲ್ಕೋಹಾಲ್. ಲೋಹ ಒಂದೇ ಕಡೆ ಕೂರುವ ಆಸಾಮಿಯೂ ಅಲ್ಲ, ದೋಣಿ ನಡುನೀರಿನಲ್ಲಿರುವಾಗಲೇ ಎದ್ದು ಜಾಗ ಬದಲಿಸುತ್ತದೆ. ಯಾವ ಲೋಹ, ಯಾವ ದ್ರಾವಕ, ಎಷ್ಟು ಬಿಸಿ, ತ್ರಿಬಂಧದ ಕೊನೆಯಲ್ಲಿ ಬೇರೆ ಗುಂಪು ಅಂಟಿದೆಯೋ ಇಲ್ಲವೋ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಹುಡುಗಿಯ ಎರಡು ಪೇಪರುಗಳಲ್ಲಿ ಒಂದರ ಬ್ರೋಮೈಡ್‌ಗೆ ತುದಿಯಲ್ಲಿ ಮೀಥೈಲ್ ಇತ್ತು. ಹೆಸರು ಓದುವ ಗಡಿಬಿಡಿಯಲ್ಲಿ ಅವಳೂ ನೋಡಿರಲಿಲ್ಲ, ಮೊದಲ ಸಲ ನಾನೂ ನೋಡಿರಲಿಲ್ಲ.

1980ರ ದಶಕದಿಂದ ಆಟ ಬೇರೆಯಾಯಿತು. ಯಾವ ತುದಿ ಎನ್ನುವ ಪ್ರಶ್ನೆಗೆ ಒಂದು ಮಟ್ಟಿಗೆ ಉತ್ತರ ಸಿಕ್ಕಿತ್ತು, ಈಗ ಕನ್ನಡಿ ಬಿಂಬದಂತಿರುವ ಎರಡು ರೂಪಗಳಲ್ಲಿ ಎಡಗೈ ಅಣುವೋ ಬಲಗೈ ಅಣುವೋ ಎನ್ನುವ ಪ್ರಶ್ನೆ. 1982ರಲ್ಲಿ ಯಾಮಾಮೋಟೊ ಗುಂಪಿನವರು ಅಲೀನಿಲ್ ಬೋರಾನಿಕ್ ಆಮ್ಲಕ್ಕೆ ಟಾರ್ಟರಿಕ್ ಆಮ್ಲದ ಎಸ್ಟರ್ ಕಟ್ಟಿದರು, 1990ರಲ್ಲಿ ಕೋರಿ ಬೋರಾನ್ ಮತ್ತು ತವರ ಸೇರಿಸಿದರು, ಆಮೇಲೆ ಮಾರ್ಷಲ್, ಕೆಕ್, ಡೆನ್ಮಾರ್ಕ್ (ದೇಶವಲ್ಲ, ವಿಜ್ಞಾನಿ), ಕ್ರಿಷೆ, ಸಾಲು ಉದ್ದವಿದೆ. ಕೆಲಸ ಒಂದಕ್ಕಿಂತ ಒಂದು ಚಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಹಂತದ ಪೇಪರುಗಳನ್ನು ಸಾಲಾಗಿ ಓದಿದರೆ ಎಲ್ಲರ ಕಣ್ಣೂ ಬೇಕಾದ ಕೈಯ ಅಣು ಎಷ್ಟು ಹೆಚ್ಚು ಬಂತು ಎನ್ನುವ, 90ರ ಮೇಲಿನ ಆ ಒಂದು ಶೇಕಡಾವಾರಿನ ಮೇಲೇ ನೆಟ್ಟಂತೆ ಕಾಣುತ್ತದೆ. ತವರದ ಸಂಯುಕ್ತ ವಿಷ, ಉತ್ಪನ್ನದಿಂದ ಪೂರ್ತಿ ತೊಳೆದು ತೆಗೆಯುವುದು ತಲೆನೋವು. ಬಹಳಷ್ಟು ವಿಧಾನಗಳಿಗೆ ಮೈನಸ್ 78 ಡಿಗ್ರಿ ಬೇಕು. ಕಾರವಾರದಲ್ಲಿ ಮೀನಿಗೆ ಹಾಕುವ ಐಸು ಎಷ್ಟು ಬೇಕಾದರೂ ಸಿಗುತ್ತದೆ, ಡ್ರೈಐಸು ಮಾತ್ರ ದೂರದಿಂದ ತರಿಸಬೇಕು, ಅದು ಬಂದು ಮುಟ್ಟುವಾಗ ಡಬ್ಬಿಯಲ್ಲಿ ಅರ್ಧ ಗಾಳಿ.

ಅದೇ ಹೊತ್ತಿಗೆ ಪಕ್ಕದಲ್ಲಿ, ಅಷ್ಟೇನೂ ಗದ್ದಲವಿಲ್ಲದೆ, ಇನ್ನೊಂದು ಕೆಲಸ ನಡೆದಿತ್ತು. ನನಗೆ ಚೆನ್ನಾಗಿ ಗೊತ್ತಿರುವುದೂ ಇದೇ. 1985ರ ಸುಮಾರಿಗೆ ಫ್ರಾನ್ಸಿನಲ್ಲಿ ಲೂಶ್ ಗುಂಪಿನವರು ಸತುವಿನ ಪುಡಿ ಮತ್ತು ಅಮೋನಿಯಂ ಕ್ಲೋರೈಡ್ ನೀರಿನಲ್ಲಿ, ತ್ರಿಬಂಧದ ಬದಲು ದ್ವಿಬಂಧ ಇರುವ ಅಲೈಲ್ ಬ್ರೋಮೈಡ್‌ನ ಕ್ರಿಯೆ ಮಾಡಿ ತೋರಿಸಿದರು. ನೀರಿನಲ್ಲಿ! ಗ್ರಿನ್ಯಾರ್‌ಗೆ ಒಂದು ಹನಿ ನೀರು ಬಿದ್ದರೂ ಕೆಲಸ ಕೆಟ್ಟಿತು ಎಂದು ಕಲಿತು ಬಂದವರಿಗೆ ಇದನ್ನು ನಂಬಲು ಸ್ವಲ್ಪ ಹೊತ್ತು ಬೇಕು. ಮಾಂಟ್ರಿಯಲ್‌ನ ಮೆಕ್‌ಗಿಲ್‌ನಲ್ಲಿ ಲೀ ಮತ್ತು ಚಾನ್ 1991ರಲ್ಲಿ ಇಂಡಿಯಂ ಹಿಡಿದರು. 1995ರಲ್ಲಿ ಅಲ್ಲಿಂದಲೇ ಪ್ರೊಪಾರ್ಜಿಲ್ ಬ್ರೋಮೈಡ್ ಬಗ್ಗೆ ವರದಿ ಬಂತು: ಸಾದಾ ಬ್ರೋಮೈಡ್ ಆದರೆ ಮುಖ್ಯವಾಗಿ ಹೋಮೋಪ್ರೊಪಾರ್ಜಿಲ್, ತುದಿಯಲ್ಲಿ ಗುಂಪು ಇದ್ದರೆ ಮುಖ್ಯವಾಗಿ ಅಲೀನ್. ಅದೇ ದೋಣಿ, ಅದೇ ಎರಡು ತುದಿ. ಇಂಡಿಯಂ ದುಬಾರಿ, ಸತು ಅಗ್ಗ. 1990ರ ದಶಕದ ಕೊನೆಗೆ ಪ್ರೊಪಾರ್ಜಿಲ್‌ಗೂ ಸತು ಮತ್ತು ನೀರಿನ ವಿಧಾನ ಬಂತು.

ಇದರಲ್ಲಿ ಎಡಗೈ ಬಲಗೈ ಆಯ್ಕೆ ಇಲ್ಲ, ಎರಡೂ ಅರ್ಧರ್ಧ ಬರುತ್ತವೆ. ಅದಕ್ಕೇ ಇರಬೇಕು, ರಿವ್ಯೂ ಲೇಖನಗಳಲ್ಲಿ ಈ ದಾರಿಗೆ ಸಿಗುವುದು ಒಂದು ಪ್ಯಾರಾ, ಹೆಚ್ಚೆಂದರೆ ಎರಡು. ಆದರೆ ಶುರುವಿನ ವಸ್ತು ಮಾಡಿಕೊಳ್ಳುವವರಿಗೆ, ಕಲಿಯುವವರಿಗೆ, ಕರಾವಳಿಯಲ್ಲಿ ಕೂತವರಿಗೆ ಇದಕ್ಕಿಂತ ಇನ್ನೇನು ಬೇಕು ಹೇಳಿ?

ಇಷ್ಟೆಲ್ಲ ಒದ್ದಾಟ ಯಾಕೆ ಅಂದರೆ ಈ ಅಣು ಬಹಳ ಕೆಲಸಕ್ಕೆ ಬರುತ್ತದೆ. ಒಎಚ್ ಬಾಗಿ ತ್ರಿಬಂಧದ ದೂರದ ತುದಿ ಹಿಡಿದರೆ ಸರಿಯಾಗಿ ಐದರ ಉಂಗುರ. 1990ರ ದಶಕದ ಮೊದಲಲ್ಲಿ ಮೆಕ್‌ಡೊನಾಲ್ಡ್ ಮಾಲಿಬ್ಡಿನಂ ಬಳಸಿ ಹೀಗೆ ಡೈಹೈಡ್ರೋಫ್ಯೂರಾನ್ ಮಾಡಿದ, 1999ರಲ್ಲಿ ಟ್ರಾಸ್ಟ್ ಮತ್ತು ರೀ ರುಥೇನಿಯಂ ಬಳಸಿ ಲ್ಯಾಕ್ಟೋನ್ ಮಾಡಿದರು, 2010ರಲ್ಲಿ ಲಿಮಿಂಗ್ ಜಾಂಗ್ ಗುಂಪಿನವರು ಚಿನ್ನ ಬಳಸಿ ಡೈಹೈಡ್ರೋಫ್ಯೂರಾನೋನ್. ನನಗೆ ಹೆಚ್ಚು ಇಷ್ಟವಾದದ್ದು ಕ್ಯಾನರಿ ದ್ವೀಪದವರ 2003ರ ಕೆಲಸ. ಆಲ್ಡಿಹೈಡ್ ಜೊತೆ ಫೆರಿಕ್ ಕ್ಲೋರೈಡ್ ಹಾಕಿದರೆ ಆರರ ಉಂಗುರ. ಫೆರಿಕ್ ಕ್ಲೋರೈಡ್ ಯಾವ ಲ್ಯಾಬಿನ ಕಪಾಟಿನಲ್ಲಿ ಇಲ್ಲ? ತ್ರಿಬಂಧದ ತುದಿಯ ಹೈಡ್ರೋಜನ್‌ನಿಂದ ಇನ್ನೊಂದು ಕಾರ್ಬನ್ ತುಣುಕು ಅಂಟಿಸುವ ಸೊನೊಗಾಶಿರಾ ಜೋಡಣೆಗೂ ಆಗುತ್ತದೆ, ಎರಡು ಅಣುಗಳನ್ನು ಥಟ್ಟನೆ ಬೆಸೆಯುವ, 2022ರಲ್ಲಿ ನೊಬೆಲ್ ಪಡೆದ ಕ್ಲಿಕ್ ಕ್ರಿಯೆಗೂ ಆಗುತ್ತದೆ. ಒಂದೇ ಎಚ್ಚರ: ಒಎಚ್ ಅನ್ನು ಕೀಟೋನ್ ಮಾಡಲು ಹೋದರೆ ತ್ರಿಬಂಧ ಸುಮ್ನೆ ಕೂರುವುದಿಲ್ಲ, ಜಾರಿ ಅಲೀನ್ ಆಗಿಬಿಡುತ್ತದೆ.

ಹುಡುಗಿ ಕೊನೆಗೆ ಸತುವಿನ ದಾರಿಯನ್ನೇ ಹಿಡಿದಳು. ಪ್ರೊಪಾರ್ಜಿಲ್ ಬ್ರೋಮೈಡ್ ಟಾಲುಯೀನ್‌ನಲ್ಲಿ ಕರಗಿಸಿದ 80 ಶೇಕಡಾ ದ್ರಾವಣವಾಗಿ ಬರುತ್ತದೆ, ಶುದ್ಧ ರೂಪದಲ್ಲಿ ಅದು ಏಟಿಗೆ ಸಿಡಿಯುವ ಸ್ವಭಾವದ್ದು. ಕಣ್ಣಿಗೂ ಈರುಳ್ಳಿಗಿಂತ ನೂರು ಪಾಲು ಕೆಟ್ಟದ್ದು, ಹಾಗಾಗಿ ಫ್ಯೂಮ್ ಹುಡ್ ಬಿಟ್ಟು ಮುಚ್ಚಳ ತೆಗೆಯುವ ಹಾಗಿಲ್ಲ. ಬೆಂಜಾಲ್ಡಿಹೈಡ್, ಸತುವಿನ ಪುಡಿ, ಅಮೋನಿಯಂ ಕ್ಲೋರೈಡ್ ನೀರು, ಸ್ವಲ್ಪ ಟಿಎಚ್ಎಫ್. ಟಿಎಚ್ಎಫ್ ಒಣಗಿಸಲಿಲ್ಲ, ನೀಲಿ ಬಣ್ಣಕ್ಕೆ ಕಾಯಲಿಲ್ಲ. ಬೂದುಬಣ್ಣದ ಸತು ಬುಡದಲ್ಲಿ ಸುತ್ತುತ್ತಿತ್ತು, ಫ್ಲಾಸ್ಕಿನ ಹೊಟ್ಟೆ ಕೈಗೆ ಬೆಚ್ಚಗಾಯಿತು, ಹೊರಗೆ ಮಳೆ ಬಿಟ್ಟಿರಲಿಲ್ಲ.

ಐಆರ್ (ಇನ್ಫ್ರಾರೆಡ್) ಹಾಳೆ ಹತ್ತು ದಿನ ಬಿಟ್ಟು ಬೇರೆ ಊರಿಂದ ಬಂತು. 3300ರಲ್ಲಿ ಚೂಪಾದ ಗೀಟು, ಅದು ತ್ರಿಬಂಧದ ತುದಿಯ ಹೈಡ್ರೋಜನ್. 2100ರ ಹತ್ತಿರ ಸಣ್ಣದೊಂದು, ಅದು ತ್ರಿಬಂಧದ್ದೇ. ಅವಳು ಖುಷಿಯಲ್ಲಿ ಹಾಳೆ ಮಡಚುತ್ತಿದ್ದಳು, ನಾನು ತಡೆದು 1950ರ ಹತ್ತಿರ ಬೆರಳಿಟ್ಟೆ. ಅಲ್ಲೊಂದು ಪುಟ್ಟ ಉಬ್ಬು ಇತ್ತು, ಅಲೀನ್ ಕಾಣಿಸಿಕೊಳ್ಳುವ ಜಾಗ. "ಇವರೂ ಬಂದಿದ್ದಾರಾ ಸರ್?" ಅಂದಳು.